ಕೊನೆಗೆ ಇಳಿಯುವವನು

ಫೆಬ್ರವರಿ ೩

ಸಭಾಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ, ವೇದಿಕೆಗೆ ಹೆಸರು ಕೂಗದ ಕಾರಣ ಕೆಳಗೇ ಉಳಿದ ಅರೆಗಣ್ಯರೇ, ಹಡಗು ರೈಲು ಬಸ್ಸು ಲಾರಿಗಳಿಗೆ ಹೊಟ್ಟೆಯನ್ನು ಕಟ್ಟಿಕೊಂಡ ಸಕಲ ಬಂಧುಗಳೇ, ಮತ್ತು ಇವರೆಲ್ಲರ ಪರವಾಗಿ ಈ ಕಾಗದವನ್ನು ಒಬ್ಬನೇ ಕೂತು ಓದುತ್ತಿರುವ ನನ್ನ ತಂಗಿಯ ಗಂಡನೇ,

ಈ ಶುಭ ಸಂದರ್ಭದಲ್ಲಿ ಎರಡು ಮಾತು ಆಡಲು ನನಗೆ ಅತೀವ ಸಂತೋಷವಾಗುತ್ತದೆ. ಒಂದನೇ ಮಾತು, ನಿನ್ನ ಭಾವನಿಗೆ ಕುರ್ಚಿ ಸಿಕ್ಕಿದೆ. ಎರಡನೇ ಮಾತು, ಕುರ್ಚಿ ಅಲ್ಲಾಡುತ್ತದೆ.

ನಗಬೇಡ, ಮೈದುನ. ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಚೀಟಿ ಹರಿದು ಹೊಟ್ಟೆ ಹೊರೆದೆ, ಸೀಟಿ ಊದಿ ಗಂಟಲು ಕಳೆದೆ. ಸಂಘದ ಪತ್ರಿಕೆಯಲ್ಲಿ ನಾನು ಹೊಸೆಯುತ್ತಿದ್ದ ಪ್ರಾಸಗಳನ್ನು ಯಾರೋ ಓದಿದ್ದಾರೆ. ಓದುವವರಿದ್ದಾರೆಂಬ ಅನುಮಾನವೇ ನನಗಿರಲಿಲ್ಲ. ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಈ ಸೆಪ್ಟೆಂಬರಿಗೆ ನೂರು ತುಂಬುತ್ತದೆ. ಅದರ ಚರಿತ್ರೆಯನ್ನು ನಮ್ಮ ಭಾಷೆಯಲ್ಲಿ ಬರೆಯಲು ನನ್ನನ್ನು ಡಿಪೋದಿಂದ ಕಿತ್ತು ಇಲ್ಲಿನ ಶಾಖಾ ಕಚೇರಿಯಲ್ಲಿ ನೆಟ್ಟಿದ್ದಾರೆ. ಪುಸ್ತಕ ಮುಗಿದರೆ ಕೆಲಸ ಕಾಯಂ, ಮುಗಿಯದಿದ್ದರೆ ಮತ್ತೆ ಸೀಟಿ.

ಕಚೇರಿ ಮೂರನೇ ಮಹಡಿ. ಕೆಳಗೆ ಟೈರಿನ ಅಂಗಡಿ. ನೂರು ವರ್ಷದ ಹೋರಾಟಕ್ಕೆಲ್ಲ ರಬ್ಬರಿನ ವಾಸನೆ. ನನ್ನ ಮೇಜಿಗೆ ಮೂರೇ ಕಾಲು, ನಾಲ್ಕನೆಯದು ಹಳೆಯ ವರದಿಗಳ ಪಾಲು. ನಮ್ಮ ಕಾರ್ಯದರ್ಶಿ ಮಳೆ ಬಂದರೂ ಠರಾವು, ಬಿಸಿಲಾದರೂ ಠರಾವು ಮಾಡುವುದರಿಂದ ಅವರಿಗೆ ಠರಾವು ಸಾಹೇಬರು ಎಂದೇ ಹೆಸರು.

ಮೊದಲ ಅಧ್ಯಾಯ ಬರೆದಾಯಿತು. ಒಂದು ಬಂದರಿನಲ್ಲಿ ಮೂಟೆ ಹೊರುವವರು ಮುಷ್ಕರ ಹೂಡುತ್ತಾರೆ. ಮಾಲೀಕರು ದೂರದ ಇನ್ನೊಂದು ಬಂದರಿನಿಂದ ಹಡಗು ತುಂಬ ಬಡವರನ್ನು ತರಿಸುತ್ತಾರೆ. ಬಂದವರಿಗೆ ದಡದಲ್ಲಿ ನಿಂತವರ ಮುಖ ನೋಡಿದ ಮೇಲೆ ಸಂಗತಿ ತಿಳಿಯುತ್ತದೆ. ಅವರು ಇಳಿಯುವುದಿಲ್ಲ! ಹನ್ನೊಂದು ದಿನ ಹಡಗಿನಲ್ಲೇ ಕೂರುತ್ತಾರೆ. ಮುಷ್ಕರದವರು ತಮ್ಮ ಪಾಲಿನ ರೊಟ್ಟಿಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸುತ್ತಾರೆ. ಆ ಹಗ್ಗದಿಂದಲೇ ಒಕ್ಕೂಟ ಹುಟ್ಟಿತು. ಆಗಿನ ಒಂದು ನಿಯಮವೂ ಸಿಕ್ಕಿತು. ಹಡಗಿನವರು ತಮ್ಮ ಪ್ರತಿನಿಧಿಯನ್ನು ಆರಿಸಿದರೆ ಅವನು ಮೊದಲು ಸಹಿ ಹಾಕಬೇಕು, ಕೊನೆಗೆ ಇಳಿಯಬೇಕು. ಓದಿ ನನ್ನ ಕಣ್ಣು ಒದ್ದೆಯಾಯಿತು. ರಬ್ಬರಿನ ವಾಸನೆಗೂ ಹಾಗಾಗುತ್ತದೆ.

ನಿನ್ನ ಹಡಗು ಪರದೇಶದ ಯಾವುದೋ ಬಂದರಿನ ಹೊರಗೆ ಲಂಗರು ಹಾಕಿ ಎರಡು ತಿಂಗಳಾಯಿತೆಂದು ತಂಗಿ ಹೇಳಿದಳು. ಯಜಮಾನ ನಾಪತ್ತೆಯಂತೆ, ಕಚೇರಿಯಲ್ಲಿ ಕೇಳಿದೆ; ಅವಳಿಗೆ ಅದು ಗೊತ್ತಿಲ್ಲ. ಹೆದರಬೇಡ, ನಿನ್ನ ಭಾವ ಈಗ ಒಕ್ಕೂಟದ ಒಳಗಿದ್ದಾನೆ. ಎಲ್ಲ ಬರೆದು ಕಳಿಸು.

ನಿನ್ನ ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ‘ಅಪ್ಪ’ ಎನ್ನುವಾಗ ಗಾಳಿ ಬರುತ್ತದೆ.

ನಿನ್ನ ಭಾವ

*

ಫೆಬ್ರವರಿ ೨೬

ಭಾವ, ನಮಸ್ಕಾರ.

ನಿಮ್ಮ ಕಾಗದವನ್ನು ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಗಣ್ಯರೇ ಅಂದಾಗ ನಮ್ಮ ಅಡುಗೆಯವರು ಎದ್ದುನಿಂತು ಕೈಮುಗಿದರು. ನಾವು ಹತ್ತೊಂಬತ್ತು ಜನ ಇಷ್ಟು ನಕ್ಕು ಬಹಳ ದಿನವಾಗಿತ್ತು.

ಇಲ್ಲಿನ ಸ್ಥಿತಿ ಹೀಗೆ. ಡೀಸೆಲ್ ಮುಗಿಯುತ್ತಾ ಬಂದಿದೆ; ಜನರೇಟರು ಸಂಜೆ ಒಂದು ಗಂಟೆ ಮಾತ್ರ. ನೀರಿನ ದೋಣಿ ಹತ್ತು ದಿನಕ್ಕೊಮ್ಮೆ ಬರುತ್ತದೆ, ಈ ಕಾಗದವೂ ಅದರಲ್ಲೇ ಹೋಗುವುದು. ನೀರನ್ನು ಅಡುಗೆಯವರು ಲೋಟದಲ್ಲಿ ಅಳೆದು ಕೊಡುತ್ತಾರೆ. ಇದನ್ನು ನಿಮ್ಮ ತಂಗಿಗೆ ಹೇಳಬೇಡಿ. ನಾನು ಅವಳಿಗೆ ಇಲ್ಲಿ ರಿಪೇರಿ ನಡೆಯುತ್ತಿದೆ ಅಂತ ಬರೆದಿದ್ದೇನೆ.

ಕ್ಯಾಪ್ಟನ್ ಎದೆನೋವು ಅಂತ ಹೋದ ವಾರ ದಡಕ್ಕೆ ಹೋದರು. ಹೋಗುವಾಗ ಟೋಪಿ, ಕನ್ನಡಕ, ಚಪ್ಪಲಿ ಎಲ್ಲ ತಗೊಂಡರು. ಎದೆನೋವಿನವರು ಇಸ್ತ್ರಿಪೆಟ್ಟಿಗೆ ಯಾಕೆ ತಗೊಂಡು ಹೋಗ್ತಾರೆ ಅಂತ ಅಡುಗೆಯವರು ಕೇಳುತ್ತಿದ್ದಾರೆ.

ನನ್ನ ಕೆಲಸ ಮಾತ್ರ ನಿಂತಿಲ್ಲ. ಓಡದ ಎಂಜಿನ್ನಿಗೆ ದಿನಾ ಎಣ್ಣೆ ಬಿಟ್ಟು, ಕಬ್ಬಿಣದ ಸರಳು ಹಾಕಿ, ಕೈಯಿಂದ ಕಾಲು ಸುತ್ತು ತಿರುಗಿಸಬೇಕು. ಇಲ್ಲದಿದ್ದರೆ ಒಂದೇ ಕಡೆ ಭಾರ ಕೂತು ಒಳಗೆಲ್ಲ ಕಚ್ಚಿಕೊಂಡು ಬಿಡುತ್ತದೆ. ನನ್ನನ್ನು ಇಲ್ಲಿ ಎಲ್ಲರೂ ‘ಎಣ್ಣೆ’ ಅಂತಲೇ ಕರೆಯುವುದು. ಬ್ಯಾಟರಿ ಹಿಡಿದು ಕೆಳಗಿಳಿದಾಗ ಅಡುಗೆಯವರು ಮೇಲಿಂದ ಕೂಗುತ್ತಾರೆ: “ಏನೋ ಎಣ್ಣೆ, ಹೊರಡ್ತೇನೋ ಹಡಗು?” ನಾನು “ಇನ್ನು ಐದು ನಿಮಿಷ” ಅನ್ನುತ್ತೇನೆ. ದಿನಾ ಇದೇ.

ಭಾವ, ನಿಮ್ಮ ಒಕ್ಕೂಟದ ತಪಾಸಣೆಗಾರರು ಈ ಬಂದರಿಗೂ ಬರುತ್ತಾರಂತೆ. ಒಬ್ಬರನ್ನು ಕಳಿಸಿ. ಅವರು ಬಂದು ನೋಡಿದರೆ ಸಾಕು, ನಮ್ಮನ್ನು ಊರಿಗೆ ಕಳಿಸುತ್ತಾರಂತೆ. ಹೊಸ ಹಲ್ಲು ಬರುವ ಮೊದಲು ಅಪ್ಪ ಬರ್ತಾನೆ ಅಂತ ಮಗಳಿಗೆ ಹೇಳಿ.

*

ಮಾರ್ಚ್ ೧೪

ಲೋಟದ ನೀರಿನ ಲೆಕ್ಕದ ಮಹನೀಯರೇ,

ನಿನ್ನ ಕಾಗದ ಬಂತು. ನಿನ್ನ ಕಡತಕ್ಕೆ ಕೆಂಪು ದಾರ ಕಟ್ಟಿಸಿದ್ದೇನೆ. ಕೆಂಪು ಎಂದರೆ ತುರ್ತು. ಕಪಾಟಿನಲ್ಲಿ ಎಲ್ಲಕ್ಕೂ ಕೆಂಪೇ ಇರುವುದನ್ನು ಕಟ್ಟಿಸಿದ ಮೇಲೆ ನೋಡಿದೆ.

ತಪಾಸಣೆಗಾರರು ರಜೆಯಲ್ಲಿದ್ದಾರೆ. ಠರಾವು ಸಾಹೇಬರ ಬಳಿ ಹೋಗಿ, “ಸಾರ್, ನಮ್ಮ ಮೈದುನ ಅಲ್ಲಿ ನೀರಿಲ್ಲದೆ ಕೂತಿದ್ದಾನೆ,” ಎಂದೆ. ಅವರು ಕನ್ನಡಕ ತೆಗೆದು, “ಛೆ, ಖಂಡನೀಯ,” ಎಂದರು. ಸಂಜೆಗೆ ಖಂಡನಾ ಠರಾವು ಪಾಸಾಯಿತು. ಪ್ರತಿ ಲಗತ್ತಿಸಿದ್ದೇನೆ. ನೀರಿಗೆ ಬದಲಾಗುವುದಿಲ್ಲ, ಒಲೆ ಹಚ್ಚಲು ಬರುತ್ತದೆ.

ಎರಡನೇ ಅಧ್ಯಾಯದಲ್ಲಿ ಯುದ್ಧ ಬಂತು. ಒಕ್ಕೂಟದ ಕಚೇರಿ ಒಂದು ಊರಿಂದ ಇನ್ನೊಂದಕ್ಕೆ ಓಡಿತು. ಓಡಿದ್ದು ಕಟ್ಟಡವಲ್ಲ, ಒಂದು ಟ್ರಂಕು. ಒಬ್ಬ ರೈಲು ಗಾರ್ಡು ತನ್ನ ಬಟ್ಟೆಬರೆ ಬಿಟ್ಟು, ಸದಸ್ಯರ ಹೆಸರಿದ್ದ ಪಟ್ಟಿಗಳನ್ನೇ ಅದರಲ್ಲಿ ತುಂಬಿಕೊಂಡು ಗಡಿ ದಾಟಿದ. ಪಟ್ಟಿ ಶತ್ರುವಿನ ಕೈಗೆ ಸಿಕ್ಕಿದ್ದರೆ ಪ್ರತಿ ಹೆಸರೂ ಒಂದು ಹೆಣ. ಇದನ್ನು ಬರೆಯುವಾಗ ನನ್ನ ಪ್ರಾಸದ ಚಟ ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿತ್ತು.

ಆದರೆ ಪುಸ್ತಕಕ್ಕೆ ಈ ಕಾಲದ್ದೊಂದು ಅಧ್ಯಾಯ ಬೇಕಂತೆ. “ಹಳೇದೆಲ್ಲ ಸತ್ತವರದು ಕಣ್ರೀ, ಬದುಕಿರೋ ಒಬ್ಬನ್ನ ಹುಡುಕಿ,” ಎಂದು ಸಾಹೇಬರ ಅಪ್ಪಣೆ. ಹುಡುಕುತ್ತಿದ್ದೇನೆ.

ಅಂದ ಹಾಗೆ, ನಿನ್ನ ವಿಷಯದಲ್ಲಿ ನಾನೇ ಮುಂದೆ ಬಿದ್ದು ಒಂದು ಸಣ್ಣ ಕೆಲಸ ಮಾಡಿದ್ದೇನೆ. ಏನೆಂದು ಈಗ ಹೇಳುವುದಿಲ್ಲ. ಗೊತ್ತಾದಾಗ ಭಾವನನ್ನು ನೆನೆಸಿಕೊ. ಪಟ್ಟಿ ಎಂದ ಮೇಲೆ ನಮ್ಮವರ ಹೆಸರು ಮೊದಲಿರಬೇಕು. ಸಂಘದಲ್ಲಿ ನಾನು ಕಲಿತ ವಿದ್ಯೆ ಅದೊಂದೇ.

ಮಗಳು ಬರೆದ ಚಿತ್ರ ಇದರ ಜೊತೆಗಿದೆ. ಹಡಗಿಗೆ ಚಕ್ರ ಹಾಕಿದ್ದಾಳೆ. ಸೋದರಮಾವನ ಪ್ರಭಾವ.

*

ಏಪ್ರಿಲ್ ೯

ಭಾವ,

ಎಲ್ಲರೂ ಹೋದರು.

ಒಂದನೇ ತಾರೀಕಿಗೆ ಕೋರ್ಟಿನ ಆದೇಶ ಬಂತು. ದಡದಲ್ಲಿ ಹಡಗಿನ ವ್ಯವಹಾರ ನೋಡುವ ಏಜೆಂಟ್ ದೋಣಿಯಲ್ಲಿ ಬಂದು ಓದಿ ಹೇಳಿದ. ಯಜಮಾನ ಸಿಗುವ ತನಕ, ಇಲ್ಲವೇ ಹಡಗು ಹರಾಜಾಗುವ ತನಕ ಹಡಗು ಕೋರ್ಟಿನ ಸ್ವಾಧೀನ. ಅಲ್ಲಿಯತನಕ ಒಬ್ಬ ಹೊಣೆಗಾರ ಹಡಗಿನಲ್ಲೇ ಇರಬೇಕು, ದಡ ಹತ್ತುವ ಹಾಗಿಲ್ಲ. ಉಳಿದವರು ಊರಿಗೆ ಹೋಗಬಹುದು. ‘ಸಿಬ್ಬಂದಿಯ ಪರವಾಗಿ ಸೂಚಿಸಲಾದಂತೆ’ ಹೊಣೆಗಾರ ನಾನು. ನನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ಮನೆ ಇರುವ ಬೀದಿ, ಎಲ್ಲ ಅಚ್ಚಾಗಿದೆ. ಪಾಸ್‌ಪೋರ್ಟ್ ತಗೊಂಡು ಹೋದರು.

ನಾನು ಎಣ್ಣೆ ಬಿಡುವವನು, ಭಾವ. ನನ್ನ ಮೇಲೆ ಹದಿನಾಲ್ಕು ಜನ ಇದ್ದರು.

ಇದು ಅಡುಗೆಯವರ ಕೆಲಸ. ಹಿಂದಿನ ಸಲ ಏಜೆಂಟ್ ಬಂದಾಗ ಅವರಿಬ್ಬರೂ ಅಡುಗೆಮನೆಯ ಬಾಗಿಲು ಹಾಕಿಕೊಂಡು ಮಾತಾಡಿದ್ದನ್ನು ನಾನೇ ನೋಡಿದ್ದೇನೆ. ಹೋಗುವ ದಿನ ಕೊರಳಪಟ್ಟಿ ಹಿಡಿದು ಕೇಳಿದೆ. ಅವರು ಕೈ ಬಿಡಿಸಿಕೊಳ್ಳಲಿಲ್ಲ. “ಈ ಕೈಯಲ್ಲಿ ಈರುಳ್ಳಿ ಬಿಟ್ಟು ಬೇರೆ ಏನೂ ಕೊಯ್ದಿಲ್ಲ ಕಣೋ ಎಣ್ಣೆ,” ಅಂದರು. ನಾನು ಉಗಿದೆ. ಮುಖಕ್ಕೇ. ಅವರು ತೋಳಲ್ಲಿ ಒರೆಸಿಕೊಂಡು ಏಣಿ ಇಳಿದರು.

ಒಂದು ದಾರಿ ಇದೆ. ಹೆಸರು ಸೂಚಿಸಿದವರು ಮೂವತ್ತು ದಿನದೊಳಗೆ ಬರೆದುಕೊಟ್ಟರೆ ಅದನ್ನು ಹಿಂದಕ್ಕೆ ತೆಗೆಯುತ್ತಾರಂತೆ. ಆಮೇಲೆ ಕ್ಯಾಪ್ಟನ್ನೇ ಆಸ್ಪತ್ರೆಯಿಂದ ವಾಪಸ್ ಬರಬೇಕಾಗುತ್ತದಂತೆ. ಸೂಚಿಸಿದವರೇ ಬರೆಯಬೇಕು, ನಾನು ಬರೆದರೆ ನಡೆಯಲ್ಲ. ಮೇ ಒಂದು ಕೊನೆಯ ದಿನ. ನಿಮ್ಮ ಒಕ್ಕೂಟದಿಂದ ವಿಚಾರಿಸಿದರೆ ಯಾರು ಅಂತ ತಿಳಿಯುತ್ತದೆ. ಅಡುಗೆಯವರ ವಿಳಾಸ ಹಿಂದುಗಡೆ ಬರೆದಿದ್ದೇನೆ. ಅವರ ಕಾಲಿಗೆ ಬೀಳಬೇಕಾದರೂ ಬೀಳಿ.

ನೀವು ಮಾಡಿದೆ ಅಂದ ಆ ಸಣ್ಣ ಕೆಲಸ ಶಿಫಾರಸೇ ಇರಬೇಕು. ಅದೂ ಬೇಗ ಆಗಲಿ.

*

ಏಪ್ರಿಲ್ ೨೮

ಪ್ರಿಯ ಮೈದುನ,

ನಿನ್ನ ಕಾಗದ ಸಿಕ್ಕಿತು. ವಿಚಾರಿಸುತ್ತಿದ್ದೇನೆ. ಇಂಥ ವಿಷಯಗಳಲ್ಲಿ ಆತುರಪಟ್ಟರೆ ಕೆಲಸ ಕೆಡುತ್ತದೆಂದು ಸಾಹೇಬರ ಅಭಿಪ್ರಾಯ. ಅಡುಗೆಯವರ ಬಗ್ಗೆ ನಾನೇನು ಹೇಳಲಿ? ಯಾರ ಮನಸ್ಸಿನಲ್ಲಿ ಏನಿರುತ್ತದೋ.

ಮೂರನೇ ಅಧ್ಯಾಯ ನಿನ್ನದೇ ಎಂದು ಬೇಕಾದರೆ ಅನ್ನಬಹುದು. ಬಾಡಿಗೆ ಬಾವುಟಗಳ ಕಥೆ. ಯಜಮಾನ ಒಂದು ದೇಶದಲ್ಲಿ, ಹಡಗಿನ ನೋಂದಣಿ ಇನ್ನೊಂದು ದೇಶದಲ್ಲಿ, ದುಡಿಯುವವರು ಮತ್ತೆಲ್ಲಿಂದಲೋ. ಬಾವುಟ ಒಬ್ಬರದು, ಲಾಭ ಇನ್ನೊಬ್ಬರದು, ಬೆವರು ನಿಮ್ಮದು. ಒಕ್ಕೂಟ ಐವತ್ತು ವರ್ಷದಿಂದ ಇದರ ವಿರುದ್ಧ ಹೋರಾಡುತ್ತಿದೆ. ಸಾವಿರಾರು ಜನರನ್ನು ಊರು ಸೇರಿಸಿದೆ. ಇದು ಸುಳ್ಳಲ್ಲ, ದಾಖಲೆಗಳನ್ನು ನಾನೇ ಓದಿದ್ದೇನೆ. ಎಲ್ಲೋ ಕಿಟಕಿಯಿಲ್ಲದ ಕೋಣೆಯಲ್ಲಿ ಯಾರೋ ಒಬ್ಬರು ಸರಿಯಾದ ದಿನ ಸರಿಯಾದ ಕಾಗದ ಕಳಿಸಿರುತ್ತಾರೆ, ಇಪ್ಪತ್ತು ಜನ ಮನೆಗೆ ಹೋಗಿರುತ್ತಾರೆ. ಅಷ್ಟೇ. ಅವರ ಹೆಸರು ಎಲ್ಲೂ ಇಲ್ಲ.

ನಿನ್ನ ದಿನಚರಿಯನ್ನು ವಿವರವಾಗಿ ಬರೆಯುತ್ತಿರು. ಎಂಜಿನ್ ತಿರುಗಿಸುವುದು, ನೀರು, ಸಮುದ್ರ, ನಿನಗನ್ನಿಸಿದ್ದು. ಮನಸ್ಸಿಗೂ ಹಗುರ.

ತಂಗಿಗೆ ರಿಪೇರಿ ನಡೆಯುತ್ತಿದೆ ಎಂದೇ ಹೇಳಿದ್ದೇನೆ. “ಇಷ್ಟು ದಿನ ರಿಪೇರಿ ಮಾಡೋಕೆ ಅದೇನು ಹಡಗೋ ಹಳ್ಳಿ ರಸ್ತೆಯೋ?” ಎಂದಳು. ನಕ್ಕೆವು.

*

ಜೂನ್ ೧೨

ಭಾವ,

ಮೇ ಒಂದು ಕಳೆದುಹೋಯಿತು. ಯಾರೂ ಏನೂ ಬರೆದುಕೊಡಲಿಲ್ಲ ಅಂತ ಏಜೆಂಟ್ ಹೇಳಿದ. ನೀವು ಪ್ರಯತ್ನಪಟ್ಟಿರುತ್ತೀರಿ. ನಿಮ್ಮ ಮೇಲೆ ಬೇಸರವಿಲ್ಲ.

ವಿವರವಾಗಿ ಬರೆ ಅಂದಿರಿ. ಬರೆಯುತ್ತೇನೆ.

ಲಂಗರಿನ ಹಡಗು ಸುಮ್ಮನೆ ನಿಂತಿರುವುದಿಲ್ಲ. ನೀರು ಏರುವಾಗ ಒಂದು ಕಡೆ ಮುಖ, ಇಳಿಯುವಾಗ ಇನ್ನೊಂದು ಕಡೆ. ಬೆಳಿಗ್ಗೆ ನನ್ನ ಕಿಂಡಿಯಲ್ಲಿ ಊರು ಕಾಣುತ್ತದೆ. ಬಸ್ಸುಗಳೂ ಕಾಣುತ್ತವೆ, ಕೆಂಪು ಬಣ್ಣ. ಜನ ಹತ್ತುತ್ತಾರೆ, ಇಳಿಯುತ್ತಾರೆ. ಮಧ್ಯಾಹ್ನಕ್ಕೆ ಊರು ಜಾರಿಕೊಂಡು ಹೋಗಿ ಬರೀ ನೀರು. ಆಗ ನಾನು ಕೋಣೆ ಬದಲಾಯಿಸುತ್ತೇನೆ. ಹತ್ತೊಂಬತ್ತು ಜನರ ಕೋಣೆಗಳೂ ನನ್ನವೇ ಈಗ. ಇಷ್ಟು ದೊಡ್ಡ ಮನೆ ನಮ್ಮ ವಂಶದಲ್ಲಿ ಯಾರಿಗೂ ಇರಲಿಲ್ಲ.

ಎಂಜಿನ್ ದಿನಾ ತಿರುಗಿಸುತ್ತೇನೆ. ಇಬ್ಬರ ಕೆಲಸ ಅದು. ಸರಳಿಗೆ ಎದೆ ಕೊಟ್ಟು ತಳ್ಳುತ್ತೇನೆ. ಮೇಲಿಂದ ಯಾರೂ ಹೊರಡ್ತೇನೋ ಅಂತ ಕೇಳುವುದಿಲ್ಲ. ಮೊದಲೆಲ್ಲ ನಾನೇ ಕೇಳಿಕೊಂಡು ನಾನೇ ಉತ್ತರ ಕೊಡುತ್ತಿದ್ದೆ. ಹೋದ ವಾರ ಐದು ನಿಮಿಷ ಅಂದಮೇಲೆ ನಿಜವಾಗಿ ಐದು ನಿಮಿಷ ಕಾದೆ. ಹೆದರಿಕೆಯಾಯಿತು. ಬಿಟ್ಟುಬಿಟ್ಟೆ.

ಅಡುಗೆಯವರಿಗೆ ಒಂದು ಕಾಗದ ಹಾಕಿದ್ದೇನೆ. ಅದರಲ್ಲಿ ಏನು ಬರೆದೆ ಅಂತ ನಿಮಗೆ ಹೇಳಲಾರೆ. ನಿಮ್ಮ ತಂಗಿ ಅಂಥ ಮಾತು ನನ್ನ ಬಾಯಲ್ಲಿ ಯಾವತ್ತೂ ಕೇಳಿಲ್ಲ.

ಮಗಳ ಹಲ್ಲು?

*

ಆಗಸ್ಟ್ ೧೦

ಭಾವ,

ಎರಡು ಕಾಗದ ಹಾಕಿದೆ, ನಿಮ್ಮ ಉತ್ತರ ಇಲ್ಲ. ದೋಣಿಯವನು ಕಳೆದಿರಬೇಕು.

ಅಡುಗೆಯವರ ಉತ್ತರ ಬಂತು. ಯಾರ ಕೈಲೋ ಬರೆಸಿದ್ದಾರೆ, ಅವರಿಗೆ ಓದುಬರಹ ಬರುವುದಿಲ್ಲವಂತೆ. ನಾಲ್ಕು ವರ್ಷ ಒಂದೇ ಹಡಗಿನಲ್ಲಿ ಉಂಡು ನನಗೆ ಅದು ಗೊತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಮಾತಾಡಿದ್ದು ಒಂದು ಮೂಟೆ ಅಕ್ಕಿಯ ಬಗ್ಗೆ, ನಮಗೋಸ್ಕರವೇ. ಕೊನೆಯಲ್ಲಿ ಹೀಗಿದೆ: ‘ನಿನ್ನ ಹೆಸರು ನನಗೆ ಗೊತ್ತಿದ್ದರೆ ತಾನೇ ಕೊಡೋದು, ಎಣ್ಣೆ? ನಿನ್ನ ಕಾಗದದ ಹಿಂದಿದ್ದ ಹೆಸರು ಓದಿಸಿಕೊಂಡ ಮೇಲೇ ನೀನು ಯಾರು ಅಂತ ತಿಳಿದದ್ದು.’

ಕ್ಯಾಪ್ಟನ್ ಹತ್ತಿರ ಹೆಸರಿನ ಪಟ್ಟಿ ಇತ್ತು. ಆದರೆ ಕೋರ್ಟಿನ ಆದೇಶದಲ್ಲಿ ಅಚ್ಚಾದ ಬೀದಿ ಆ ಪಟ್ಟಿಯಲ್ಲಿ ಇರಲಿಲ್ಲ. ನಾವು ಆ ಬೀದಿಗೆ ಮನೆ ಬದಲಾಯಿಸಿದ್ದು ನಾನು ಈ ಸಲ ಹಡಗು ಹತ್ತುವ ಹಿಂದಿನ ವಾರ. ಸಾಮಾನು ಹೊರಲು ನೀವೂ ಬಂದಿದ್ದಿರಿ.

ಯೋಚಿಸುವುದಕ್ಕೆ ಇಲ್ಲಿ ಬೇಕಾದಷ್ಟು ಹೊತ್ತಿದೆ, ಭಾವ. ಯೋಚಿಸಬಾರದು ಅಂತ ಕೂತಿದ್ದೇನೆ.

ಹರಾಜಿಗೆ ಮೂರನೇ ಸಲವೂ ಯಾರೂ ಬರಲಿಲ್ಲ. ಹೋದ ಸೋಮವಾರದಿಂದ ಎಂಜಿನ್ ತಿರುಗಿಸಿಲ್ಲ. ಸರಳು ಸಮುದ್ರಕ್ಕೆ ಹಾಕಿದೆ.

*

ಸೆಪ್ಟೆಂಬರ್ ೯

ಸಭಾಧ್ಯಕ್ಷರೇ, ವೇದಿಕೆಯ ಮೇಲಿನ ಗಣ್ಯರೇ,

ಐದನೇ ತಾರೀಕು ನಿಜವಾಗಿಯೂ ಹೀಗೇ ಶುರುಮಾಡಿದೆ. ನಿಜವಾದ ವೇದಿಕೆ, ನಿಜವಾದ ಗಣ್ಯರು, ಕುಯ್ ಎನ್ನುವ ನಿಜವಾದ ಮೈಕು. ಪುಸ್ತಕ ಬಿಡುಗಡೆಯಾಯಿತು. ಇನ್ನೂರ ಹದಿನಾರು ಪುಟ. ನನ್ನ ಕೆಲಸ ಕಾಯಂ ಆಯಿತೆಂದು ಠರಾವು ಸಾಹೇಬರು ವೇದಿಕೆಯಲ್ಲೇ ಠರಾವು ಮಾಡಿದರು. ಚಪ್ಪಾಳೆ.

ಕೊನೆಯ ಅಧ್ಯಾಯದ ಹೆಸರು ‘ಕೊನೆಗೆ ಇಳಿಯುವವನು’. ನೀನು. ಸಂಗಾತಿಗಳೆಲ್ಲ ಮನೆಗೆ ಹೋಗಲೆಂದು ತಾನೊಬ್ಬನೇ ಹಡಗಿನಲ್ಲುಳಿದ, ಓಡದ ಎಂಜಿನ್ನನ್ನು ದಿನವೂ ಎದೆ ಕೊಟ್ಟು ತಿರುಗಿಸುವ ನಾವಿಕ. ನಿನ್ನ ಸಾಲುಗಳನ್ನೇ ಹಾಕಿದ್ದೇನೆ, ಕಿಂಡಿಯಲ್ಲಿ ಊರು ಜಾರುವುದು, ಕೆಂಪು ಬಸ್ಸು. ತಿರುಗಿಸುವುದನ್ನು ನೀನು ನಿಲ್ಲಿಸಿದ್ದು ಅದರಲ್ಲಿ ಇಲ್ಲ. ನಿನ್ನ ಕಾಗದ ಬರುವಷ್ಟರಲ್ಲಿ ಅಚ್ಚಾಗಿತ್ತು ಎಂದು ಬರೆದು, ಈಗಷ್ಟೇ ಹೊಡೆದುಹಾಕಿದೆ. ಅಚ್ಚಾಗಿರಲಿಲ್ಲ. ಕೊನೆಯ ಹಾಳೆಗಳು ನನ್ನ ಮೇಜಿನ ಮೇಲೇ ಇದ್ದವು.

ತಂಗಿಯನ್ನು ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟರು. ಎಲ್ಲರೂ ಎದ್ದುನಿಂತರು. ರಿಪೇರಿಯಲ್ಲ ಎಂದು ಅವಳಿಗೆ ತಿಳಿದದ್ದು ಆಗಲೇ, ಮೈಕಿನಲ್ಲಿ. ತಪ್ಪು ಬಸ್ಸು ಹತ್ತಿದವರು ಚೀಟಿ ಹಿಡಿದು ನಿಲ್ಲುತ್ತಾರಲ್ಲ, ಹಾಗೆ ಆ ಹೂವನ್ನು ಹಿಡಿದು ನಿಂತಿದ್ದಳು.

ಆಮೇಲೆ ಹೂವನ್ನು ನೀರಿಗೆ ಹಾಕಬೇಕೆಂದು ಮಗಳ ಜೊತೆ ಮೂರನೇ ಮಹಡಿಗೆ ಬಂದಳು. ನಾನು ಹೂಜಿ ಹುಡುಕುತ್ತಿದ್ದೆ. ಮಗಳು ಮೇಜಿನ ಕೆಳಗೆ ಕೂತು ನಾಲ್ಕನೇ ಕಾಲಿನ ಕಟ್ಟಿನಿಂದ ಕಾಗದ ಎಳೆಯುತ್ತಿದ್ದಳು. ಅವಳಿಗೆ ಈಗ ಓದಲು ಬರುತ್ತದೆ. ಹಲ್ಲೂ ಬಂದಿವೆ, ಎರಡೂ. “ಮಾಮ, ಇಲ್ಲಿ ಅಪ್ಪನ ಹೆಸರಿದೆ,” ಎಂದಳು. ಗಾಳಿ ಬರಲಿಲ್ಲ.

ಅದೊಂದು ನಮೂನೆಯ ಕಾರ್ಬನ್ ಪ್ರತಿ. ತಂಗಿ ಅದನ್ನು ಕಿಟಕಿಗೆ ಹಿಡಿದು ಎರಡು ಸಲ ಓದಿದಳು.

“ಇದು ನಿನ್ನ ಅಕ್ಷರ ಅಲ್ವೇನಣ್ಣ?”

“ಕಚೇರಿ ಕಾಗದ ಅದು, ನಿಂಗೆ ಅರ್ಥ ಆಗಲ್ಲ.”

“ನಂಗೆ ಆಗ್ಬೇಕಾಗಿಲ್ಲ. ಅವರಿಗೆ ಆಗ್ಲಿ.” ಹೂವನ್ನು ನನ್ನ ಕುರ್ಚಿಯ ಮೇಲಿಟ್ಟಳು. “ನಾನು ನಾಳೆ ಕಾಗದ ಹಾಕ್ತೀನಿ. ನಿಂದು ಮೊದ್ಲು ಹೋಗತ್ತೋ ನಂದು ಮೊದ್ಲು ಹೋಗತ್ತೋ ನೋಡು.”

ನಾಲ್ಕು ದಿನದಿಂದ ಬರೆಯುತ್ತಿದ್ದೇನೆ, ಹರಿಯುತ್ತಿದ್ದೇನೆ. ಅವಳದೇ ಮೊದಲು ತಲುಪಿರುತ್ತದೆ. ಗಣ್ಯರೇ, ಬಂಧುಗಳೇ ಎಂದು ಇನ್ನೊಂದು ಪುಟ ಎಳೆಯಬಲ್ಲೆ, ಅದು ನನಗೆ ಬರುತ್ತದೆ. ಎದುರಿಗೆ ಯಾರೂ ಇಲ್ಲ. ಯಾವತ್ತೂ ಇರಲಿಲ್ಲ. ಓದುತ್ತಿದ್ದವನು ನೀನೊಬ್ಬನೇ.

ಅಡುಗೆಯವರಲ್ಲ. ಕ್ಯಾಪ್ಟನ್ ಅಲ್ಲ. ಸಿಬ್ಬಂದಿಯ ಪ್ರತಿನಿಧಿ ಯಾರು ಎಂದು ಕೋರ್ಟಿನಿಂದ ಒಕ್ಕೂಟದ ನಮ್ಮ ಕಚೇರಿಗೆ ಮಾರ್ಚ್ ಹನ್ನೊಂದಕ್ಕೆ ಬಂದ ನಮೂನೆಯಲ್ಲಿ ನಿನ್ನ ಹೆಸರು ಬರೆದವನು ನಾನು. ಯಾರನ್ನೂ ಕೇಳಲಿಲ್ಲ. ಮರ್ಯಾದೆಯ ಜಾಗ ಎಂದುಕೊಂಡೆ, ಆಗ ಅದರ ಅರ್ಥ ನಿಜಕ್ಕೂ ಗೊತ್ತಿರಲಿಲ್ಲ. ನಿನ್ನ ಕಾಗದ ಓದಿದಾಗ ಗೊತ್ತಾಯಿತು. ಅವತ್ತು ಏಪ್ರಿಲ್ ಇಪ್ಪತ್ತೆರಡು. ಹಿಂದಕ್ಕೆ ತೆಗೆಯಲು ನನ್ನದೊಂದು ಸಹಿ ಸಾಕಿತ್ತು, ಒಂಬತ್ತು ದಿನ ಇತ್ತು. ಪುಸ್ತಕಕ್ಕೆ ಕೊನೆಯ ಅಧ್ಯಾಯ ಇರಲಿಲ್ಲ, ಮೈದುನ. ನೀನು ಇಳಿದುಬಿಟ್ಟಿದ್ದರೆ ಸಿಗುತ್ತಲೂ ಇರಲಿಲ್ಲ.